ಎರಡು ಕೈಯಲ್ಲಿ ಇಟ್ಟ ಮೊದಲ ನಡೆ

ಮಂಡ್ಯದ ಚೆಸ್ ಟೂರ್ನಮೆಂಟಿನ ಸಭಾಂಗಣದಲ್ಲಿ ನಾನು ಮಾಡಿದ್ದು ಇಷ್ಟೇ. ಎದುರಿಗೆ ಕೂತವರು ಗಡಿಯಾರದ ಗುಂಡಿ ಒತ್ತಿದರು. ನಾನು ಎರಡೂ ಕೈ ಚಾಚಿ, ರಾಜನ ಮುಂದಿನ ಪೇದೆಯನ್ನೂ ಮಂತ್ರಿಯ ಮುಂದಿನ ಪೇದೆಯನ್ನೂ ಒಟ್ಟಿಗೆ ಒಂದೊಂದು ಮನೆ ಮುಂದಕ್ಕೆ ಇಟ್ಟೆ. ಗುಂಡಿ ಒತ್ತಿದೆ. ಚೆಸ್ ಕಲಿತ ದಿನದಿಂದ ಬಿಳಿ ಕಾಯಿ ಸಿಕ್ಕಾಗಲೆಲ್ಲ ನಾನು ಆಟ ಶುರು ಮಾಡಿದ್ದು ಹೀಗೇ.

ಎದುರಿನವರು ಬ್ಯಾಂಕಿನಲ್ಲಿ ಆಫೀಸರು. ಮಣೆ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಮಣೆ ನೋಡಿದರು. ಆಮೇಲೆ ಕೈ ಎತ್ತಿ, ಇಡೀ ಸಭಾಂಗಣಕ್ಕೆ ಕೇಳುವ ಹಾಗೆ ಕೂಗಿದರು.

"ಸಾರ್, ಒಸಿ ಇಲ್ಲಿ ಬನ್ನಿ. ಇವ್ರು ಚೆಸ್ ಆಡೋಕೆ ಬಂದಿಲ್ಲ, ಉಳೋಕೆ ಬಂದವ್ರೆ. ಎತ್ತಿನ್ ಜೋಡಿ ಊಡ್ಬುಟ್ಟವ್ರೆ!"

ಅಕ್ಕಪಕ್ಕದ ಮೇಜಿನವರು ಆಟ ಬಿಟ್ಟು ತಿರುಗಿದರು. ನಗು ಶುರುವಾದದ್ದು ಒಂದು ಮೂಲೆಯಲ್ಲಿ, ಮುಗಿದದ್ದು ಇನ್ನೊಂದು ಮೂಲೆಯಲ್ಲಿ. ಯಾರೋ ಫೋನು ಹಿಡಿದು ಫೋಟೋ ತೆಗೆದರು. ನನ್ನ ಎರಡು ಕೈ ಇನ್ನೂ ಮಣೆಯ ಮೇಲೇ ಇದ್ದವು.

ತೀರ್ಪುಗಾರರು ಬಂದರು. ನಿವೃತ್ತ ಮೇಷ್ಟ್ರು, ಬಿಳಿ ಷರಟು, ಕೊರಳಲ್ಲಿ ಬ್ಯಾಡ್ಜು.

"ಏನ್ರೀ ಇದು? ಮೊದಲ್ನೇ ನಡೇಲೆ ಎರಡು ಕಾಯಾ?"

"ನಮ್ ಕಡೆ ಇಂಗೇ ಸಾ. ಒಂದು ಪೇದೇನ ಎರಡು ಮನೆ ನಡುಸ್ಬೌದು, ಇಲ್ಲ ಎರಡು ಪೇದೇನ ಒಂದೊಂದ್ ಮನೆ."

"ಯಾವ್ ಕಡೆ?"

"ಮದ್ದೂರು, ಮಳವಳ್ಳಿ ಕಡೆ ಸಾ."

"ಮದ್ದೂರೇನು ಬೇರೆ ದೇಶವಾ?" ಅಂದರು ಬ್ಯಾಂಕಿನವರು. ಮತ್ತೆ ನಗು.

ಮೇಷ್ಟ್ರು ನಗಲಿಲ್ಲ. ನನ್ನನ್ನೇ ನೋಡುತ್ತಾ, "ಯಾರು ಕಲಿಸಿದ್ದು ನಿಮಗೆ?" ಅಂತ ಕೇಳಿದರು.

ನಾನು ಹೇಳಲಿಲ್ಲ. ಸತ್ತರೂ ಹೇಳಬಾರದು ಅಂತ ಹಲ್ಲು ಕಚ್ಚಿಕೊಂಡೆ. ನನಗೆ ಈ ಆಟ ಕಲಿಸಿದವರೇ ನನಗೆ ಅನ್ನದ ದಾರಿ ಕಲಿಸಿದವರು. ನನ್ನನ್ನು ನೋಡಿ ನಗಲಿ, ನಾನು ಎದುರಿಗೆ ಕೂತಿದ್ದೇನೆ, ತಡೆದುಕೊಳ್ಳುತ್ತೇನೆ. ಇಲ್ಲಿ ಇಲ್ಲದವರನ್ನು ಯಾಕೆ ನಗೆಗೆ ಕೊಡಲಿ?

"ಆಯ್ತು," ಅಂದರು ಮೇಷ್ಟ್ರು. "ಇದು ತಪ್ಪು ನಡೆ. ಎದುರಿನವರಿಗೆ ಎರಡು ನಿಮಿಷ ಹೆಚ್ಚಿಗೆ ಕೊಡ್ತೀನಿ. ಮುಟ್ಟಿರೋ ಪೇದೇಲಿ ಯಾವ್ದಾದರೂ ಒಂದನ್ನ ನಡೆಸಿ. ಇನ್ನೊಂದು ಸಲ ತಪ್ಪಾದರೆ ಆಟ ಹೋಯ್ತು. ಮತ್ತೆ, ಏನೇ ಮಾಡಿ, ಒಂದೇ ಕೈ."

ನಾನು ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತೆ. ಮುಂದಿನ ಆಟವನ್ನೆಲ್ಲ ಹಾಗೇ ಆಡಿದೆ.

ಹನ್ನೆರಡೇ ನಡೆಯಲ್ಲಿ ಆಟ ಮುಗಿಯಿತು. ಅವರು ಒಂಟೆಯನ್ನು ತಂದು ನನ್ನ ರಾಜನ ಪಕ್ಕದ ಪೇದೆಯನ್ನು ಹೊಡೆದು ಚೆಕ್ ಕೊಟ್ಟರು. ನಾನು ರಾಜನಿಂದ ಒಂಟೆಯನ್ನು ಹೊಡೆದೆ. ಕುದುರೆ ಹಾರಿಸಿ ಮತ್ತೆ ಚೆಕ್ ಕೊಟ್ಟರು. ನಾನು ರಾಜನನ್ನು ಹಿಂದಕ್ಕೆ ಎಳೆದುಕೊಂಡೆ. ಅವರ ಮಂತ್ರಿ ಬಂತು. ಅಲ್ಲಿಂದ ಮುಂದೆ ರಾಜ ಓಡಿದ್ದೊಂದೇ, ತನ್ನದೇ ಆನೆಗೂ ಒಂಟೆಗೂ ನಡುವೆ ಸಿಕ್ಕಿಕೊಂಡು ಸತ್ತ.

ಬ್ಯಾಂಕಿನವರು ಎದ್ದು ಕೈ ಕುಲುಕಿದರು. ತುಂಬಾ ಒಳ್ಳೆಯವರ ಹಾಗೆ ಹೇಳಿದರು: "ಬೇಜಾರು ಮಾಡ್ಕೋಬ್ಯಾಡಿ. ಓಪನಿಂಗ್ ಒಸಿ ಕಲ್ತ್ಕೊಂಡು ಬನ್ನಿ."

ಉಳಿದ ಸುತ್ತುಗಳಿಗೆ ನಾನು ಕೂರಲಿಲ್ಲ. ಮದ್ದೂರಿನ ಬಸ್ಸು ಹತ್ತಿದೆ.

ನಾನು ಮದ್ದೂರಿಗೆ ಸೇರುವ ಮೊದಲೇ ಆ ಫೋಟೋ ಸೇರಿತ್ತು. ಮಣೆಯ ಮೇಲೆ ಚಾಚಿದ ಎರಡು ಕೈ, ಬಾಯಿ ತೆರೆದ ಮುಖ, ಕೆಳಗೆ 'ಜೋಡಿ' ಅನ್ನುವ ಒಂದೇ ಪದ. ಚೆಸ್ ಮಣೆಯನ್ನು ಕಣ್ಣಲ್ಲಿ ಕಾಣದವರೂ ಅದನ್ನು ನೋಡಿದ್ದರು. ನನ್ನ ಅಂಗಡಿ ಮೋಟರ್ ರೀವೈಂಡಿಂಗ್ ಅಂಗಡಿ, ಸುತ್ತಲ ಹಳ್ಳಿಯವರು ಸುಟ್ಟ ಪಂಪುಸೆಟ್ಟು ತರುವ ಜಾಗ. ಮರುದಿನ ಬಾಗಿಲು ತೆಗೆಯುವಷ್ಟರಲ್ಲಿ ಎದುರಿನ ಪಂಕ್ಚರ್ ಅಂಗಡಿಯಿಂದ ಕೂಗು ಬಂತು.

"ಏನ್ಲಾ ಜೋಡಿ, ಎಷ್ಟು ಎಕರೆ ಉತ್ತೆ ಮಂಡ್ಯದಲ್ಲಿ?"

ಸ್ಪ್ಯಾನರ್ ಎಸೆಯೋಣ ಅನ್ನಿಸಿತು. ಎಸೆಯಲಿಲ್ಲ. ಅವನ ಹತ್ತಿರ ಇಸಿದುಕೊಂಡ ಸ್ಪ್ಯಾನರೇ ಅದು.

ನನ್ನ ಸಿಟ್ಟು ಆ ಹೆಸರಿನ ಮೇಲಲ್ಲ. ನಮ್ಮ ಕಡೆ ಹೆಸರಿಡುವುದು ಹೊಸದೇನಲ್ಲ, ಇಟ್ಟವರೂ ಮರೆಯುತ್ತಾರೆ, ಇಡಿಸಿಕೊಂಡವನೂ ಮರೆಯುತ್ತಾನೆ. ಸಿಟ್ಟು ಬೇರೆ ಕಡೆ ಇತ್ತು. ಆ ನಗುವಿನ ಒಳಗೆ ಒಂದು ಮಾತಿತ್ತು: ಇವನಿಗೆ ಕಲಿಸಿದವನು ಎಂಥ ದಡ್ಡನಿರಬೇಕು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ನನಗೆ ಕೇಳಿಸಿದ್ದು ಅದೊಂದೇ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಮಳವಳ್ಳಿಯಲ್ಲಿ ಒಬ್ಬ ಮೇಸ್ತ್ರಿಯ ಹತ್ತಿರ ವೈಂಡಿಂಗ್ ಕೆಲಸಕ್ಕೆ ಸೇರಿದವನು. ತಾಮ್ರದ ತಂತಿಯನ್ನು ಗಾಯವಾಗದ ಹಾಗೆ ಸುತ್ತುವುದು, ವಾರ್ನಿಷ್ ಒಣಗಿತೋ ಇಲ್ಲವೋ ಅಂತ ವಾಸನೆಯಲ್ಲೇ ತಿಳಿಯುವುದು, ಎಲ್ಲ ಕಲಿಸಿದವರು ಅವರು. ಮಧ್ಯಾಹ್ನ ಊಟವಾದ ಮೇಲೆ ಪ್ಯಾಕಿಂಗ್ ಪೆಟ್ಟಿಗೆಯ ಮುಚ್ಚಳ ತೆಗೆದು ಬೆಂಚಿನ ಮೇಲೆ ಇಡುತ್ತಿದ್ದರು. ಅದರ ಮೇಲೆ ಬಣ್ಣದಲ್ಲಿ ಮನೆಗಳನ್ನು ಬರೆದಿದ್ದರು. ಒಂದು ಆನೆ ಕಳೆದುಹೋಗಿ, ಅದರ ಜಾಗದಲ್ಲಿ ಪಿಂಗಾಣಿಯ ಫ್ಯೂಸು ನಿಲ್ಲುತ್ತಿತ್ತು. ಮೊದಲ ನಡೆಗೆ ಎರಡು ಪೇದೆ ಒಟ್ಟಿಗೆ ಇಡುವುದಕ್ಕೆ 'ಜೋಡಿ ಹೂಡೋದು' ಅನ್ನುತ್ತಾರೆ ಅಂತ ನಾನು ಕೇಳಿದ್ದೂ ಅವರ ಬಾಯಲ್ಲೇ. ರಾಜನೂ ಆನೆಯೂ ಒಂದೇ ನಡೆಯಲ್ಲಿ ಜಾಗ ಬದಲಿಸಿ ಕೋಟೆ ಕಟ್ಟುವಾಗ ಅವರು ಒಂದು ಕೈಯಲ್ಲಿ ರಾಜ, ಇನ್ನೊಂದು ಕೈಯಲ್ಲಿ ಆನೆ ಹಿಡಿದು, ಮಗುವನ್ನು ತೊಟ್ಟಿಲಿಂದ ತೊಟ್ಟಿಲಿಗೆ ಬದಲಾಯಿಸಿದ ಹಾಗೆ ಅತ್ತಿಂದಿತ್ತ ಇಡುತ್ತಿದ್ದರು. ನೋಡಲು ಚೆಂದ. ನಾನೂ ಹಾಗೇ ಇಡುತ್ತಿದ್ದೆ.

ನನಗೆ ಮೀಸೆ ನರೆಯುವ ಕಾಲಕ್ಕೆ ಖಾಸಗಿಯಾಗಿ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸಾದಾಗ ಮಳವಳ್ಳಿಯವರಿಗೆಲ್ಲ ಸ್ವೀಟು ಹಂಚಿದವರು ಮೇಸ್ತ್ರಿ. ಅವರನ್ನು ದಡ್ಡ ಅಂತ ಮಂಡ್ಯದ ಒಂದು ಸಭಾಂಗಣವೇ ನಕ್ಕಿದೆ, ಅದು ಗೊತ್ತಾಗದ ಹಾಗೆ ನೋಡಿಕೊಳ್ಳಬೇಕು, ಆಮೇಲೆ ಆ ನಗುವನ್ನು ಅಲ್ಲಿಗೇ ಹೋಗಿ ವಾಪಸ್ ಕೊಡಬೇಕು. ನಾನು ನಿಶ್ಚಯ ಮಾಡಿಕೊಂಡದ್ದು ಇಷ್ಟು. ಮಳವಳ್ಳಿಗೆ ಹೋಗುವುದನ್ನೇ ನಿಲ್ಲಿಸಿದೆ. ಮೇಸ್ತ್ರಿ ಫೋನ್ ಮಾಡಿದರೆ ಕೆಲಸ ಜಾಸ್ತಿ ಅಂತಿದ್ದೆ.

ಓಪನಿಂಗ್, ಅಂದರೆ ಆಟದ ಮೊದಲ ಕೆಲವು ನಡೆ, ಕಲಿತು ಬನ್ನಿ ಅಂದರಲ್ಲ. ಸರಿ. ಮಂಡ್ಯದಿಂದಲೇ ಒಂದು ಪುಸ್ತಕ ತರಿಸಿದೆ. ಪೂರ್ತಿ ಇಂಗ್ಲಿಷು. ಪಾಸಾಗಿದ್ದೇನೆ ಅನ್ನುವುದು ಬಿಟ್ಟರೆ ನನ್ನ ಇಂಗ್ಲಿಷು ಮೋಟರಿನ ನೇಮ್‌ಪ್ಲೇಟು ಓದುವಷ್ಟು. ಮಣೆಯ ಕೆಳಗಿನ ಎಂಟು ಮನೆಗೆ ಎಂಟು ಅಕ್ಷರ, ಪಕ್ಕದಲ್ಲಿ ಎಂಟು ಅಂಕಿ, ಅದನ್ನು ಸೀಮೆಸುಣ್ಣದಲ್ಲಿ ನನ್ನ ಮಣೆಯ ಸುತ್ತ ಬರೆದುಕೊಂಡು ಒಂದೊಂದೇ ನಡೆ ಇಟ್ಟು ನೋಡಿದೆ. ಓಪನಿಂಗುಗಳ ಹೆಸರಲ್ಲಿ ಇಟಲಿ ಇದೆ, ಸ್ಪೇನ್ ಇದೆ, ಫ್ರಾನ್ಸ್ ಇದೆ. ಯಾವನೋ ಯಾವ ಕಾಲಕ್ಕೋ ಕೂತು ಎರಡು ಪೇದೆ ಹೆಚ್ಚುಕಡಿಮೆ ನಡೆಸಿದ, ಅವನ ಊರಿನ ಹೆಸರು ನಿಂತುಹೋಯಿತು. ನಮ್ಮ ಊರಿನವರು ಎಷ್ಟು ತಲೆಮಾರಿನಿಂದ ಜಗಲಿ ಮೇಲೆ, ಆಲೆಮನೆ ಮುಂದೆ, ಜೋಡಿ ಹೂಡಿ ಆಡುತ್ತಿದ್ದಾರೋ, ಅದಕ್ಕೆ ಸಿಕ್ಕಿದ ಹೆಸರು ತಪ್ಪು ನಡೆ.

ಸಿಟ್ಟಿನಲ್ಲಿ ಓದಿದ್ದು ತಲೆಗೆ ಬೇಗ ಹತ್ತುತ್ತದೆ ಅನ್ನುತ್ತಾರೆ. ಸುಳ್ಳು. ಓದಿದ ಸಾಲನ್ನೇ ಓದುತ್ತಿದ್ದೆ.

ಸೋತ ಆಟವನ್ನು ಮಾತ್ರ ನಾನು ಯಾವ ಪುಸ್ತಕದಲ್ಲೂ ಹುಡುಕಬೇಕಾಗಿರಲಿಲ್ಲ. ಅದು ಒಂದೊಂದು ನಡೆಯೂ ನೆನಪಿತ್ತು. ದಿನಾ ಸಂಜೆ ಅಂಗಡಿಯ ಬೆಂಚಿನ ಮೇಲೆ ಅದನ್ನೇ ಇಡುತ್ತಿದ್ದೆ. ರಾಜನ ಪೇದೆ ಒಂದು ಮನೆ. ಅವರದು ಎರಡು ಮನೆ. ಮಂತ್ರಿಯ ಪೇದೆ ಒಂದು ಮನೆ. ಅವರದು ಮತ್ತೆ ಎರಡು ಮನೆ. ಅಷ್ಟಕ್ಕೇ ನಿಲ್ಲಿಸುತ್ತಿದ್ದೆ. ನೋಡು, ನಾಲ್ಕೇ ನಡೆಗೆ ಅವರು ಮಣೆಯ ನಡುವನ್ನೆಲ್ಲ ಹಿಡಿದಿದ್ದಾರೆ, ನಾನು ನನ್ನ ಬಾಗಿಲಲ್ಲೇ ನಿಂತಿದ್ದೇನೆ, ಸೋತದ್ದು ಇಲ್ಲೇ ಅಂತ ಕಾಯಿಗಳನ್ನು ಗುಡಿಸಿ ಡಬ್ಬಕ್ಕೆ ಹಾಕುತ್ತಿದ್ದೆ. ಮುಂದಕ್ಕೆ ಹೋಗುತ್ತಿರಲಿಲ್ಲ. ಆ ನಗು ಶುರುವಾದದ್ದು ಮೊದಲ ನಡೆಯಲ್ಲಿ, ಹಾಗಾಗಿ ಸೋಲೂ ಅಲ್ಲೇ ಶುರುವಾಗಿರಬೇಕು ಅಂತ ನನ್ನ ಲೆಕ್ಕ.

ಇದೇ ತಪ್ಪನ್ನು ನನ್ನ ಕೆಲಸದಲ್ಲಿ ನಾನು ಮಾಡುವುದಿಲ್ಲ. ಸುಟ್ಟ ಮೋಟರ್ ಬಿಚ್ಚಿದಾಗ ಎಲ್ಲಿ ಹೆಚ್ಚು ಕಪ್ಪಾಗಿದೆಯೋ ಅಲ್ಲೇ ದೋಷ ಅಂತ ಹೊಸಬ ಮಾತ್ರ ಹೇಳುತ್ತಾನೆ. ಒಂದೊಂದು ಸುರುಳಿಯನ್ನೂ ಬಿಡಿಸಿಕೊಂಡು ಕೊನೆಯತನಕ ಹೋಗಬೇಕು. ಮೇಸ್ತ್ರಿ ನನ್ನ ತಲೆಗೆ ಮೊಟಕಿ ಮೊಟಕಿ ಕಲಿಸಿದ ಪಾಠ.

ಒಂದು ಸಂಜೆ ಆತಗೂರಿನ ರೈತರೊಬ್ಬರು ಮೋಟರ್ ತೆಗೆದುಕೊಂಡು ಹೋಗಲು ಬಂದರು. ವಾರ್ನಿಷ್ ಇನ್ನೂ ಹಸಿ. ಒಸಿ ಕೂತ್ಕೊಳಿ ಅಂದೆ. ಕೂತವರು ಮಣೆ ನೋಡಿದರು.

"ಇದೇನಾ ಆ ಮಂಡ್ಯದ್ ಆಟ? ಎಲ್ ಸೋತೆ, ತೋರ್ಸು ನೋಡನ."

"ನಿಮ್ಗೇನ್ ಗೊತ್ತಾದದು ಬುಡಿ."

"ಗೊತ್ತಾಗ್ದಿದ್ರೆ ಬುಡ್ಲಾ, ವಾರ್ನಿಷ್ ಒಣಗೋಗಂಟ ನಾನ್ ಏನ್ ಮಾಡ್ಲಿ? ನಿನ್ ಮುಸುಡಿ ನೋಡ್ಕಂಡ್ ಕೂತಿರ್ಲಾ?"

ತೋರಿಸಿದೆ. ಅವರಿಗೆ ತೋರಿಸಬೇಕಾದ್ದರಿಂದ ನಾಲ್ಕನೇ ನಡೆಗೆ ನಿಲ್ಲಿಸಲಾಗಲಿಲ್ಲ. ಇಲ್ಲಿ ಕೋಟೆ ಕಟ್ಟಿದೆ, ಇಲ್ಲಿ ಅವರು ಪೇದೆ ತಳ್ಳಿದರು, ಇಲ್ಲಿ ನನ್ನ ಕುದುರೆ ಪಕ್ಕಕ್ಕೆ ಸರಿಯಿತು, ಇಲ್ಲಿ ಒಂಟೆ ಕೊಟ್ಟರು, ನಾನು ಹೊಡೆದೆ, ಈಗ ಈ ಕಪ್ಪು ಕುದುರೆ ಇಲ್ಲಿ ಬಂದು ಚೆಕ್ ಕೊಡ್ತು ಅನ್ನುತ್ತಾ, ಮಾತಿನ ಭರದಲ್ಲಿ ನನ್ನ ಕೈ ತಾನಾಗಿ ಹೋಗಿ ಬಿಳಿ ಒಂಟೆಯನ್ನು ಎತ್ತಿ ಆ ಕುದುರೆಯನ್ನು ಹೊಡೆದುಬಿಟ್ಟಿತು.

"ಒಡ್ದಲ್ಲಪ್ಪ," ಅಂದರು ಅವರು. "ಮತ್ತೆ ಸೋತಿದ್ದೆಲ್ಲಿ?"

ನಾನು ಕೈಯಲ್ಲಿದ್ದ ಕಪ್ಪು ಕುದುರೆ ನೋಡಿದೆ. ಬಿಳಿ ಒಂಟೆ ಆ ಓರೆಗೆರೆಯಲ್ಲಿ ಎರಡೇ ಮನೆ ಹಿಂದೆ ಕೂತಿತ್ತು. ದಾರಿಯಲ್ಲಿ ಒಂದು ಕಾಯಿಯೂ ಅಡ್ಡ ಇರಲಿಲ್ಲ. ಮತ್ತೆ ಹಿಂದಿನಿಂದ ಇಟ್ಟು ನೋಡಿದೆ. ಕುದುರೆ ಹೊಡೆದರೆ ಅವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಒಂದು ಕುದುರೆ ನನಗೆ ಪುಗಸಟ್ಟೆ. ರಾಜನನ್ನು ಹಿಂದಕ್ಕೆ ಎಳೆದುಕೊಂಡ ಮೇಲೂ, ಮಂತ್ರಿ ಬಂದ ಮೇಲೂ, ಅದೇ ಕುದುರೆ ಅಲ್ಲೇ ನಿಂತಿತ್ತು, ಅದೇ ಒಂಟೆ ಇಲ್ಲೇ ಇತ್ತು. ಎರಡು ಸಲ ಹೊಡೆಯಬಹುದಿತ್ತು. ಎರಡು ಸಲವೂ ಹೊಡೆಯಲಿಲ್ಲ.

ಯಾಕೆ? ಇನ್ನೊಂದು ತಪ್ಪಾದರೆ ಆಟ ಹೋಯ್ತು ಅಂದಿದ್ದರಲ್ಲ. ಚೆಕ್ ಅಂದ ಕೂಡಲೆ ನನಗೆ ತೋಚಿದ್ದು ಒಂದೇ, ರಾಜನನ್ನು ಸರಿಸಿದರೆ ಯಾರೂ ತಪ್ಪು ಅನ್ನುವುದಿಲ್ಲ. ಬೇರೆ ಕಾಯಿ ಮುಟ್ಟುವುದಕ್ಕೇ ಹೆದರಿಕೆ. ತೊಡೆಯ ಕೆಳಗೆ ಎಡಗೈ ಜೋಮು ಹಿಡಿದಿತ್ತು.

ಅದಕ್ಕಿಂತ ಮೈ ಉರಿದದ್ದು ಇನ್ನೊಂದು ವಿಷಯಕ್ಕೆ. ಬ್ಯಾಂಕಿನವರು ವರ್ಷಗಟ್ಟಲೆ ಟೂರ್ನಮೆಂಟು ಆಡಿದವರು. ಆ ಒಂಟೆ ಅವರಿಗೆ ಕಂಡೇ ಇತ್ತು. ಕಂಡೂ ಕುದುರೆ ತಂದು ಅದರ ಬಾಯಿಗೆ ಇಟ್ಟರು. ಎದುರಿಗಿರುವವನು ಹೊಡೆಯುವುದಿಲ್ಲ, ಹೆದರುತ್ತಾನೆ ಅನ್ನುವ ಧೈರ್ಯದಲ್ಲಿ ಇಟ್ಟರು. ಆಮೇಲೆ ನನಗೆ ಓಪನಿಂಗ್ ಕಲಿ ಅಂತ ಬುದ್ಧಿ ಹೇಳಿದರು. ನಾನು ಅದನ್ನು ನಂಬಿ ಆ ಪುಸ್ತಕಕ್ಕೆ ತಲೆ ಚಚ್ಚಿಕೊಂಡೆ.

"ಮೋಟರ್ ತಗೊಂಡ್ ಓಯ್ತೀನಿ ಕಣಪ್ಪ," ಅಂದರು ಆತಗೂರಿನವರು, ನನ್ನ ಮುಖ ನೋಡಿ. "ಒಣಗ್ದಿದ್ರೂ ಪರ್ವಾಗಿಲ್ಲ."

ಆ ಭಾನುವಾರ ಮಂಡ್ಯಕ್ಕೆ ಹೋದೆ. ಅಲ್ಲಿ ಚೆಸ್ ಆಡುವವರು ಭಾನುವಾರ ಬೆಳಿಗ್ಗೆ ಒಂದು ರೂಮಿನಲ್ಲಿ ಸೇರುತ್ತಾರೆ, ಬ್ಯಾಂಕಿನವರು ತಪ್ಪದೆ ಬರುತ್ತಾರೆ ಅಂತ ವಿಚಾರಿಸಿಕೊಂಡಿದ್ದೆ. ಬಾಗಿಲಲ್ಲಿ ನನ್ನನ್ನು ಕಂಡವರೇ ಅವರು ಎರಡೂ ಕೈ ಮುಂದೆ ಚಾಚಿ ನೇಗಿಲು ಹಿಡಿದ ಹಾಗೆ ಮಾಡಿದರು.

"ಓಹೋ ಜೋಡಿ! ಬನ್ನಿ ಬನ್ನಿ. ಓಪನಿಂಗ್ ಆಯ್ತಾ?"

"ಓಪನಿಂಗ್ ಇರ್ಲಿ ಸಾ. ಆವತ್ತಿನ್ ಆಟ ಆಡನ. ನೀವು ಕುದ್ರೆ ತಂದು ಚೆಕ್ ಕೊಟ್ರಲ್ಲ, ಅಲ್ಲಿಂದ."

"ಮುಗಿದೋದ್ ಆಟಾನಾ? ಬುಡ್ರೀ. ಹೊಸದಾಗಿ ಆಡೋಣ."

"ಅಲ್ಲಿಂದ್ಲೇ ಆಡಿ."

ನನ್ನ ದನಿ ಜೋರಾಗಿತ್ತು. ಅವರ ಅನುಮತಿ ಕೇಳದೆ ಒಂದು ಮಣೆ ಎಳೆದುಕೊಂಡು ಕಾಯಿಗಳನ್ನು ಇಟ್ಟೆ. ನಿಂತವರು ಸುತ್ತ ಸೇರಿದರು. ಆ ದಿನದ ತೀರ್ಪುಗಾರ ಮೇಷ್ಟ್ರು ಕಿಟಕಿಯ ಹತ್ತಿರ ಪೇಪರ್ ಓದುತ್ತಿದ್ದವರು, ಅದನ್ನು ಮಡಿಸಿ ಬಂದರು. "ಕೂತ್ಕೊಳ್ರೀ, ಕೇಳ್ತಾ ಇದಾರಲ್ಲ," ಅಂದರು. ಬ್ಯಾಂಕಿನವರು ಕೂರಲೇಬೇಕಾಯಿತು.

ನಾನು ಒಂಟೆಯಿಂದ ಕುದುರೆ ಹೊಡೆದೆ. ಒಂದೇ ಕೈಯಲ್ಲಿ.

ಅವರು ಮಂತ್ರಿ ತಂದು ಚೆಕ್ ಕೊಟ್ಟರು. ರಾಜ ಹಿಂದೆ ಬಂದ. ಅದೇ ಮಂತ್ರಿಯಿಂದ ನನ್ನ ಒಂಟೆ ಹೊಡೆದರು, ನಾನು ನನ್ನ ಮಂತ್ರಿಯಿಂದ ಅವರ ಮಂತ್ರಿ ಹೊಡೆದೆ, ಅವರು ಅದನ್ನು ಹೊಡೆದರು, ನಡುವಿನಲ್ಲಿ ಇದ್ದ ಅವರ ಪೇದೆಯನ್ನು ನನ್ನ ಕುದುರೆ ತಿಂದಿತು. ಅಲ್ಲಿಗೆ ಮಣೆ ತೆಳುವಾಯಿತು. ನನಗೆ ಒಂದು ಕುದುರೆ ಹೆಚ್ಚು. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. ಇನ್ನೊಂದಷ್ಟು ನಡೆ ಆದ ಮೇಲೆ ನಗುತ್ತಾ ಕೈ ಚಾಚಿದರು.

"ಡ್ರಾ ಮಾಡ್ಕೊಳೋಣ್ವಾ?"

"ಇಲ್ಲ ಸಾ. ಆಡಿ."

"ಅಯ್ಯೋ, ಇದೇನು ಪ್ರೈಜಿನ್ ಆಟವಾ?"

"ಆ ಒಂಟೆ ನಿಮ್ಗೆ ಆವತ್ತು ಕಂಡಿತ್ತೋ ಇಲ್ವೋ, ಅದ್ ಏಳಿ."

ಅವರು ನಗುವುದನ್ನು ನಿಲ್ಲಿಸಲಿಲ್ಲ, ಆದರೆ ನಗು ಬಾಯಿಯಲ್ಲಿ ಮಾತ್ರ ಉಳಿದಿತ್ತು.

"ಕಂಡಿತ್ತು ಕಣ್ರೀ. ಗೊತ್ತಿರೋರ ಎದುರಿಗೆ ಆ ಕುದ್ರೆ ಇಡ್ತಿರ್ಲಿಲ್ಲ. ನಿಮ್ಮೆದುರಿಗೆ ಇಟ್ಟೆ. ಅದೂ ಆಟಾನೇ ಅಲ್ವಾ?"

ಅಷ್ಟರಲ್ಲಿ ಫೋನು ಬಂತು ಅಂತ ಎದ್ದರು. ಬಂದಿತ್ತೋ ಇಲ್ಲವೋ, ರಿಂಗು ನನಗೆ ಕೇಳಲಿಲ್ಲ. ಕಿವಿಗೆ ಹಿಡಿದುಕೊಂಡು ಹೊರಗೆ ಹೋದವರು ಮತ್ತೆ ಬರಲಿಲ್ಲ. ಸೋತೆ ಅಂತ ಹೇಳಲಿಲ್ಲ. ಮಣೆ ಹಾಗೇ ಇತ್ತು. ನಿಂತವರಲ್ಲಿ ಒಬ್ಬರು, "ಬಿಳೀದೇ ಗೆದ್ದಂಗೆ ಬುಡಿ," ಅಂದರು, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹಾಗೆ.

ಇಷ್ಟಕ್ಕೆ ನಾನು ವಾಪಸ್ ಬಂದಿದ್ದರೆ ಈ ಬರಹ ಇಲ್ಲಿಗೆ ಮುಗಿಯುತ್ತಿತ್ತು. ಹಾಗಾಗಲಿಲ್ಲ. ಮೇಷ್ಟ್ರು ಬ್ಯಾಂಕಿನವರ ಖಾಲಿ ಕುರ್ಚಿಯಲ್ಲಿ ಕೂತರು.

"ಆವತ್ತು ಯಾರು ಕಲಿಸಿದ್ದು ಅಂದ್ರೆ ನೀವು ಹೇಳ್ಲಿಲ್ಲ. ಮಳವಳ್ಳಿ ಮೋಟರ್ ಮೇಸ್ತ್ರಿನಾ?"

ಉತ್ತರವನ್ನು ನನ್ನ ಮುಖವೇ ಕೊಟ್ಟಿರಬೇಕು.

"ನನಗೆ ಅನುಮಾನ ಇತ್ತು," ಅಂದರು. "ಆಗ ನಾನಿನ್ನೂ ಸರ್ವೀಸಿಗೆ ಸೇರಿದ ಹೊಸತು. ಇಲ್ಲೇ ಮಂಡ್ಯದಲ್ಲಿ ಒಂದು ಟೂರ್ನಮೆಂಟು. ಅವರು ಬಂದಿದ್ರು. ನಿಮ್ಮ ಹಾಗೇ, ಎರಡು ಕೈ, ಎರಡು ಪೇದೆ. ಆಗ ಕೇಳೋರಿಲ್ಲ, ಹೇಳೋರಿಲ್ಲ. ನಾವು ನಕ್ಕೇ ಕಳಿಸಿಬಿಟ್ವಿ. ಆಡೋಕೂ ಬಿಡಲಿಲ್ಲ. ನಾನೇ ಅವರಿಗೆ ನಿಯಮದ ಪುಸ್ತಕ ಒಂದು ಕೊಟ್ಟಿದ್ದೆ. ತಗೊಂಡು ಹೋದ್ರು."

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ವರ್ಷಗಳ ಲೆಕ್ಕ ಹಾಕಿದೆ. ಮೇಷ್ಟ್ರು ಸರ್ವೀಸಿಗೆ ಸೇರಿ, ಮುಗಿಸಿ, ನಿವೃತ್ತರಾಗಿದ್ದಾರೆ. ನಾನು ಮಳವಳ್ಳಿಯ ಆ ಬೆಂಚಿಗೆ ಹೋಗಿ ಕೂತದ್ದು ಅದಕ್ಕೆ ಎಷ್ಟೋ ವರ್ಷ ಆದ ಮೇಲೆ. ಅಂದರೆ ನನಗೆ ಕಲಿಸುವಾಗ ಮೇಸ್ತ್ರಿಗೆ ಗೊತ್ತಿತ್ತು. ಗೊತ್ತಿದ್ದೂ ಕಲಿಸಿದರು.

ಮದ್ದೂರಿನಲ್ಲಿ ಇಳಿದವನು ಮನೆಗೆ ಹೋಗಲಿಲ್ಲ, ಅಲ್ಲಿ ನಿಂತಿದ್ದ ಮಳವಳ್ಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಹೊಂದಿಸಿಕೊಂಡೆ. ಯಾರ ಹೆಸರನ್ನು ಹಲ್ಲು ಕಚ್ಚಿ ಮುಚ್ಚಿಟ್ಟೆನೋ, ಯಾರಿಗೆ ಗೊತ್ತಾಗಬಾರದು ಅಂತ ತಿಂಗಳುಗಟ್ಟಲೆ ಅವರ ಮನೆ ಮೆಟ್ಟಿಲು ಹತ್ತಲಿಲ್ಲವೋ, ಅವರೇ ನನ್ನ ಕಣ್ಣು ಕಟ್ಟಿ ಆ ಸಭಾಂಗಣಕ್ಕೆ ಕಳಿಸಿದ್ದರು. ಬ್ಯಾಂಕಿನವರ ಮೇಲಿದ್ದ ಸಿಟ್ಟು ಇದರ ಮುಂದೆ ಸಿಟ್ಟೇ ಅಲ್ಲ. ಅವರು ಪರರು.

ಮೇಸ್ತ್ರಿ ಜಗಲಿಯ ಮೇಲೆ ಕೂತು ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ವೈಂಡಿಂಗ್ ಬಿಟ್ಟ ಮೇಲೆ ಬೆರಳಿನ ಗೆಣ್ಣು ಊದಿಕೊಂಡಿವೆ. ಪಕ್ಕದಲ್ಲಿ ಅದೇ ಪೆಟ್ಟಿಗೆ ಮುಚ್ಚಳ, ಅದೇ ಫ್ಯೂಸು.

"ಬಾ ಬಾರ್ಲಾ. ದಾರಿ ಮರ್ತೋಗಿತ್ತಾ?"

"ನೀವ್ ಮಂಡ್ಯಕ್ಕೆ ಆಡಕ್ಕೆ ಓಗಿದ್ರಾ?"

ಎಣ್ಣೆ ಹಚ್ಚುತ್ತಿದ್ದ ಕೈ ನಿಂತಿತು.

"ಯಾರ್ ಏಳುದ್ರು?"

"ಓಗಿದ್ರಾ ಇಲ್ವಾ?"

"ಓಗಿದ್ದೆ."

"ಜೋಡಿ ಊಡಂಗಿಲ್ಲ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ನಂಗೆ ಅದ್ನೇ ಕಲುಸುದ್ರಾ?"

ಒಳಗಿಂದ ಅವರ ಹೆಂಡತಿ ಬಾಗಿಲಿಗೆ ಬಂದರು. "ಏನಪ್ಪ, ಬಂದೇಟ್ಗೇ ಜಗಳ್ವಾ? ಇಟ್ಟು ಉಂಡ್ಕಂಡು ಆಡು, ಗಂಟ್ಲಿಗೆ ಶಕ್ತಿ ಬತ್ತದೆ."

"ಊಟ ಬ್ಯಾಡ ಕಣಮ್ಮ."

"ಹಂಗಾದ್ರೆ ಒಸಿ ಮೆತ್ಗೆ ಕೂಗು. ಪಕ್ಕದ್ ಮನೇಲಿ ಮಗ ಮಲ್ಗದೆ." ಅವರು ಒಳಗೆ ಹೋದರು.

ಮೇಸ್ತ್ರಿ ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು.

"ಏಳ್ಬೌದಿತ್ತು ಕಣ್ಲಾ. ಇಂಗೆ ಮಾಡಂಗಿಲ್ಲ, ಇದು ತಪ್ಪು ಅಂತ. ಆದ್ರೆ ಅದ್ ಏಳುದ್ರೆ ನಿಮ್ಗೆ ಎಂಗ್ ಗೊತ್ತು ಮೇಸ್ತ್ರಿ ಅಂತಿದ್ದೆ ನೀನು. ಆಗ ಆ ನಗೂನೂ ಏಳ್ಬೇಕಾಗಿತ್ತು. ನನ್ ಕೈಲಿ ಆಗ್ಲಿಲ್ಲ."

"ನೀವ್ ಏಳಿದ್ರೆ ನಾನು ನಗೆಪಾಟ್ಲಾಗ್ತಿರ್ಲಿಲ್ಲ."

"ಆಗ್ತಿರ್ಲಿಲ್ಲ."

ಅಷ್ಟೇ. ತಪ್ಪಾಯ್ತು ಅನ್ನಲಿಲ್ಲ. ಫೋಟೋ ಅವರೂ ನೋಡಿದ್ದರಂತೆ. ನೋಡಿಯೂ, ನಾನು ಕೆಲಸ ಜಾಸ್ತಿ ಅಂತ ಸುಳ್ಳು ಹೇಳುವಾಗ ಹೂಂ ಅಂದಿದ್ದರು. ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ತಪ್ಪಿಲ್ಲ ಅಂತ ವಾದ ಮಾಡುವವರ ಮೇಲೆ ರೇಗಬಹುದು. ಎಲ್ಲದಕ್ಕೂ ಹೌದು ಅನ್ನುವವರ ಮೇಲೆ ರೇಗಿದರೆ 'ಹೌದು' ಒಂದೇ ವಾಪಸ್ ಬರುತ್ತದೆ.

ಮೇಸ್ತ್ರಿ ಮುಚ್ಚಳವನ್ನು ನಮ್ಮಿಬ್ಬರ ನಡುವೆ ಎಳೆದರು. ಕಾಯಿ ಇಟ್ಟರು. ಬಿಳಿ ಅವರದು. ಅಭ್ಯಾಸಬಲದಿಂದ ಊದಿದ ಎರಡೂ ಕೈ ಎರಡು ಪೇದೆಗಳ ಮೇಲೆ ಬಂದವು.

"ಒಂದ್ ಬುಡಿ," ಅಂದೆ.

"ನಮ್ ಜಗ್ಲೀಲಿ ನಮ್ ಆಟ ಕಣ್ಲಾ."

"ಹಂಗಾದ್ರೆ ನಾನ್ ಆಡಲ್ಲ. ಎದ್ ಓಯ್ತೀನಿ."

ನಿಜವಾಗಿ ಎದ್ದೆ. ಚಪ್ಪಲಿ ಮೆಟ್ಟಿದೆ. ಅವರು ತಲೆ ಎತ್ತಲಿಲ್ಲ. ಎಡಗೈ ಮಣೆಯಿಂದ ನಿಧಾನಕ್ಕೆ ಹಿಂದೆ ಸರಿದು ಅವರ ಮಡಿಲಿಗೆ ಹೋಯಿತು. ಬಲಗೈ ರಾಜನ ಪೇದೆಯನ್ನು ಎರಡು ಮನೆ ಮುಂದಕ್ಕೆ ಇಟ್ಟಿತು. ನಾನು ಚಪ್ಪಲಿ ಬಿಟ್ಟು ಮತ್ತೆ ಕೂತೆ.

ಪುಸ್ತಕದಲ್ಲಿ ಓದಿದ್ದನ್ನೆಲ್ಲ ಆಡಿದೆ. ಅವರನ್ನು ಸೋಲಿಸಬೇಕು, ಅವರು ಮುಚ್ಚಿಟ್ಟ ಆಟದಲ್ಲೇ ಸೋಲಿಸಬೇಕು ಅನ್ನುವುದು ಬಿಟ್ಟು ಬೇರೆ ಯೋಚನೆ ಇರಲಿಲ್ಲ. ಕುದುರೆ ತಂದೆ, ಒಂಟೆ ತಂದೆ. ಅವರೂ ಕುದುರೆ ತಂದರು, ಒಂಟೆ ತಂದರು. ತಡಕಾಡಲಿಲ್ಲ. ಇಟಲಿಯೋ ಸ್ಪೇನೋ, ಅವರ ಕಾಯಿಗಳು ಬಂದು ಕೂರುತ್ತಿದ್ದ ಜಾಗವೆಲ್ಲ ನಾನು ಸೀಮೆಸುಣ್ಣ ಬಳಿದು ಕಲಿತ ಜಾಗವೇ.

ಆಮೇಲೆ ಅವರು ಕೋಟೆ ಕಟ್ಟಿದರು. ನಾನು ಎರಡು ಕೈಗೆ ಕಾಯುತ್ತಿದ್ದೆ. ತಡೆಯುವುದಕ್ಕೆ ಬಾಯಿ ತೆರೆದಿದ್ದೆ. ಎಡಗೈ ಮಡಿಲು ಬಿಟ್ಟು ಏಳಲಿಲ್ಲ. ಬಲಗೈ ಮೊದಲು ರಾಜನನ್ನು ಎತ್ತಿ ಎರಡು ಮನೆ ಪಕ್ಕಕ್ಕೆ ಇಟ್ಟಿತು, ಆಮೇಲೆ ಅದೇ ಕೈ ಆ ಪಿಂಗಾಣಿ ಫ್ಯೂಸನ್ನು ಎತ್ತಿ ರಾಜನ ಆಚೆಗೆ ಇಟ್ಟಿತು. ಮೇಷ್ಟ್ರು ಕೊಟ್ಟ ನಿಯಮದ ಪುಸ್ತಕದಲ್ಲಿ ಇದ್ದದ್ದು ಹೀಗೇ ಇರಬೇಕು. ಪಕ್ಕದ ಒಂದು ಕಾಯಿಯೂ ಅಲ್ಲಾಡಲಿಲ್ಲ. ಗೆಣ್ಣು ಊದಿದ ಕೈಗೆ ಆ ನಯ ಒಂದು ದಿನದಲ್ಲಿ ಬರುವುದಿಲ್ಲ. ನಾನಿಲ್ಲದ ಹೊತ್ತಿನಲ್ಲಿ, ಯಾರೂ ಇಲ್ಲದ ಹೊತ್ತಿನಲ್ಲಿ, ಇದೇ ಜಗಲಿಯಲ್ಲಿ ಒಬ್ಬರೇ ಕೂತು ಎಷ್ಟು ಸಲ ಹೀಗೆ ಕಟ್ಟಿ ಬಿಚ್ಚಿರಬೇಕು. ನನ್ನೆದುರಿಗೆ ಮಾತ್ರ ಯಾವಾಗಲೂ ಆ ತೊಟ್ಟಿಲು ಬದಲಾಯಿಸುವ ಆಟ.

"ಆಡ್ಲಾ," ಅಂದರು. "ನಿನ್ ನಡೆ."

ಆ ಕೈಯನ್ನೇ ನೋಡುತ್ತಿದ್ದೆ. ನನ್ನ ಎಡಗೈ ಮತ್ತೆ ತೊಡೆಯ ಕೆಳಗೆ ಸೇರಿಕೊಂಡಿದೆ ಅಂತ ಆಗ ಗೊತ್ತಾಯಿತು. ಹೊರಗೆಳೆದು ಮಣೆಯ ಪಕ್ಕ ಇಟ್ಟೆ.